ವಿದ್ಯಾರ್ಥಿ ಕ್ರಮವಿಧಿಗಳ ದಾಖಲೀಕರಣ ಮತ್ತು ಸಲ್ಲಿಕೆಯ ಮಾನದಂಡಗಳು: ಒಂದು ವಿವೇಚನೆ

ಗಣಕಯಂತ್ರಕ್ಕೆ ನೀಡುವ ಆದೇಶಗಳ ವ್ಯವಸ್ಥಿತ ಜೋಡಣೆಯೇ ಪ್ರೋಗ್ರಾಮ್ ಅಥವಾ ಕ್ರಮವಿಧಿ. ಕ್ರಮವಿಧಿಗೆ ಇಬ್ಬರು ಓದುಗರು. ಒಬ್ಬ ಓದುಗ ಯಂತ್ರ. ಅದಕ್ಕೆ ಟಿಪ್ಪಣಿಯ ಅಗತ್ಯವಿಲ್ಲ, ಬರೆದವರ ಹೆಸರೂ ಬೇಕಿಲ್ಲ. ಇನ್ನೊಬ್ಬ ಓದುಗ ಮನುಷ್ಯ. ಆತ ಅಧ್ಯಾಪಕನಿರಬಹುದು, ಪರೀಕ್ಷಕನಿರಬಹುದು, ಆರು ತಿಂಗಳ ಅನಂತರ ತನ್ನದೇ ಬರವಣಿಗೆಗೆ ಮರಳುವ ವಿದ್ಯಾರ್ಥಿಯೂ ಇರಬಹುದು. ಈ ಎರಡನೆಯ ಓದುಗನಿಗಾಗಿ ಮಾಡುವ ಕೆಲಸವೇ ದಾಖಲೀಕರಣ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಸಲ್ಲಿಸುವ ಕ್ರಮವಿಧಿಗಳಿಗೆ ಇಂತಹ ದಾಖಲೀಕರಣವನ್ನು ಏಕೆ ವಿಧಿಸಲಾಯಿತು, ಅದರ ಅಂಗಗಳು ಯಾವುವು, ಕರ್ನಾಟಕದ ಪ್ರಯೋಗಾಲಯಗಳಲ್ಲಿ ಅದು ತಳೆದ ರೂಪ ಎಂತಹದು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಐತಿಹಾಸಿಕ ಹಿನ್ನೆಲೆ

ಸಲ್ಲಿಕೆಯ ಮೊದಲ ಮಾನದಂಡಗಳನ್ನು ನಿರ್ಧರಿಸಿದ್ದು ಶಿಕ್ಷಣತಜ್ಞರಲ್ಲ, ಯಂತ್ರದ ಮಿತಿ. ಐಬಿಎಂ ಸಂಸ್ಥೆಯು 1928ರಲ್ಲಿ ಬಳಕೆಗೆ ತಂದ 80 ಅಂಕಣಗಳ ರಂಧ್ರಪತ್ರವೇ ಮುಂದೆ ಕ್ರಮವಿಧಿಯ ಒಂದು ಸಾಲಿನ ಅಳತೆಯಾಯಿತು. ಫೋರ್ಟ್ರಾನ್ ಭಾಷೆಯಲ್ಲಿ ಮೊದಲ ಅಂಕಣದಲ್ಲಿ 'ಸಿ' ಅಕ್ಷರವಿದ್ದರೆ ಆ ಪತ್ರವು ಟಿಪ್ಪಣಿಯೆಂದು ಪರಿಗಣಿತವಾಗುತ್ತಿತ್ತು. ಆದೇಶಗಳು 7ರಿಂದ 72ನೆಯ ಅಂಕಣದವರೆಗೆ ಇರಬೇಕಿತ್ತು. 73ರಿಂದ 80ರವರೆಗಿನ ಅಂಕಣಗಳನ್ನು ಕಂಪೈಲರ್ ಗಮನಿಸುತ್ತಿರಲಿಲ್ಲ. ಅಲ್ಲಿ ಪತ್ರಗಳ ಕ್ರಮಸಂಖ್ಯೆಯನ್ನು ಗುರುತಿಸಲಾಗುತ್ತಿತ್ತು. ಪತ್ರಗಳ ಕಟ್ಟು ಕೈಜಾರಿ ಚದುರಿದರೆ ಅದನ್ನು ಮತ್ತೆ ಜೋಡಿಸಲು ಆ ಸಂಖ್ಯೆಯೊಂದೇ ಆಧಾರ. ಯಂತ್ರಕ್ಕೆ ಬೇಡವಾದ, ಆದರೆ ಮನುಷ್ಯನಿಗೆ ಅನಿವಾರ್ಯವಾದ ಮಾಹಿತಿಗೆ ಸ್ಥಳವನ್ನು ಮೀಸಲಿಡುವ ಪದ್ಧತಿ ಇಲ್ಲಿಯೇ ಕಾಣಸಿಗುತ್ತದೆ. 1963ರಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಗೆ ಐಬಿಎಂ 1620 ಗಣಕವು ಬಂದ ಮೇಲೆ ಭಾರತದ ವಿದ್ಯಾರ್ಥಿಗಳೂ ಈ ಶಿಸ್ತಿಗೆ ಒಳಪಟ್ಟರು. ಅಲ್ಲಿ ಫೋರ್ಟ್ರಾನ್ ಬೋಧಿಸಿದವರಲ್ಲಿ ಪ್ರಮುಖರಾದ ಪ್ರೊ. ವಿ. ರಾಜಾರಾಮನ್ ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಪಠ್ಯಪುಸ್ತಕಗಳಿಂದ ಕ್ರಮವಿಧಿ ರಚನೆಯನ್ನು ಕಲಿತ ತಲೆಮಾರುಗಳು ನಮ್ಮ ರಾಜ್ಯದಲ್ಲಿಯೂ ಇವೆ.

1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ಭಾಷೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕ್ರಮವಿಧಿಯ ಹೆಸರು, ಬರೆದವರ ಹೆಸರು, ಬರೆದ ದಿನಾಂಕ ಇವುಗಳಿಗೆಂದೇ ಆ ಭಾಷೆಯಲ್ಲಿ 'ಪರಿಚಯ ವಿಭಾಗ'ವೊಂದಿತ್ತು. ಕರ್ತೃವಿನ ಹೆಸರನ್ನು ನಮೂದಿಸುವ ಭಾಗವನ್ನು 1985ರ ಮಾನಕವು ಬಳಕೆ ತಪ್ಪಿದ ಅಂಶವೆಂದು ಗುರುತಿಸಿತು. ಆ ಕಾರ್ಯವನ್ನು ಸಾಮಾನ್ಯ ಟಿಪ್ಪಣಿಗಳಿಗೆ ಬಿಡಲಾಯಿತು. ಇಂದು ವಿದ್ಯಾರ್ಥಿಗಳು ಕಡತದ ತಲೆಯಲ್ಲಿ ಬರೆಯುವ ಹೆಸರು, ನೋಂದಣಿ ಸಂಖ್ಯೆ, ದಿನಾಂಕಗಳ ಪರಿಚಯ ಟಿಪ್ಪಣಿಯು ಈ ವಿಭಾಗವನ್ನೇ ಹೋಲುತ್ತದೆ.

ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಂತೆ ಮೌಲ್ಯಮಾಪನದ ಹೊರೆಯೂ ಹೆಚ್ಚಿತು. ಅಮೆರಿಕದ ರೆನ್ಸಲಿಯರ್ ಪಾಲಿಟೆಕ್ನಿಕ್ ಸಂಸ್ಥೆಯ ಜ್ಯಾಕ್ ಹಾಲಿಂಗ್ಸ್‌ವರ್ತ್ ಅವರು ವಿದ್ಯಾರ್ಥಿಗಳ ಕ್ರಮವಿಧಿಗಳನ್ನು ಯಂತ್ರದಿಂದಲೇ ಪರೀಕ್ಷಿಸುವ ವಿಧಾನವನ್ನು 1960ರಲ್ಲಿಯೇ ವಿವರಿಸಿದರು. ಅಂದರೆ ಸ್ವಯಂಚಾಲಿತ ಮೌಲ್ಯಮಾಪನವು ಅಂತರಜಾಲ ಯುಗದ ಸೃಷ್ಟಿಯಲ್ಲ. ಇಂತಹ ಪರೀಕ್ಷೆಯು ಉತ್ತರ ಸರಿಯೇ ತಪ್ಪೇ ಎಂಬುದನ್ನು ಹೇಳಬಲ್ಲದು. ವಿದ್ಯಾರ್ಥಿಗೆ ಅದು ಅರ್ಥವಾಗಿದೆಯೇ ಎಂಬುದನ್ನು ಹೇಳಲಾರದು. ಆ ಕೊರತೆಯನ್ನು ತುಂಬುವ ಹೊಣೆ ದಾಖಲೀಕರಣದ ಮೇಲೆ ಬಿದ್ದಿತು.

1974ರಲ್ಲಿ ಬ್ರಯಾನ್ ಕರ್ನಿಘನ್ ಮತ್ತು ಪಿ.ಜೆ. ಪ್ಲಾಗರ್ ಅವರು ಕ್ರಮವಿಧಿಯ ಶೈಲಿಯನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಅವರು ದೋಷಗಳಿಗೆ ಉದಾಹರಣೆಗಳನ್ನು ಆರಿಸಿದ್ದು ಅಚ್ಚಾದ ಪಠ್ಯಪುಸ್ತಕಗಳಿಂದಲೇ ಎಂಬುದು ಗಮನಾರ್ಹ; ಕೆಟ್ಟ ಬರವಣಿಗೆ ಕಲಿಯುವವರ ದೋಷ ಮಾತ್ರವಲ್ಲ, ಕಲಿಸುವವರದೂ ಹೌದು ಎಂಬುದು ಅದರಿಂದ ಸಿದ್ಧಪಟ್ಟಿತು. 1984ರಲ್ಲಿ ಡೊನಾಲ್ಡ್ ಕ್ನೂತ್ ಅವರು ಕ್ರಮವಿಧಿಯನ್ನು ಮನುಷ್ಯರು ಓದುವ ಪ್ರಬಂಧದಂತೆ ರಚಿಸಿ, ಯಂತ್ರಕ್ಕೆ ಬೇಕಾದ ಭಾಗವನ್ನು ಅದರಿಂದಲೇ ಹೊರತೆಗೆಯುವ ಪದ್ಧತಿಯನ್ನು ಪ್ರತಿಪಾದಿಸಿದರು. ಆ ಪದ್ಧತಿ ಪೂರ್ಣವಾಗಿ ಬಳಕೆಗೆ ಬರಲಿಲ್ಲವಾದರೂ ವಿವರಣೆಯು ಕ್ರಮವಿಧಿಯ ಅಂಗವೇ ಹೊರತು ಕೊನೆಗೆ ಅಂಟಿಸುವ ಬಾಲವಲ್ಲ ಎಂಬ ತಿಳಿವಳಿಕೆ ಉಳಿಯಿತು. ಜಾವಾ ಭಾಷೆಯೊಂದಿಗೆ ಬಂದ ಜಾವಾಡಾಕ್ ಸಾಧನ, ಪೈಥಾನ್ ಭಾಷೆಗಾಗಿ 2001ರಲ್ಲಿ ರೂಪಿತವಾದ ಪೆಪ್ 8 ಮತ್ತು ಪೆಪ್ 257 ಎಂಬ ನಿಯಮಾವಳಿಗಳು ಈ ತಿಳಿವಳಿಕೆಯನ್ನು ನಿತ್ಯದ ಬಳಕೆಗೆ ತಂದವು.

ದಾಖಲೀಕರಣದ ಮೂರು ಸ್ತರಗಳು

ವಿದ್ಯಾರ್ಥಿ ಕ್ರಮವಿಧಿಯ ದಾಖಲೀಕರಣವನ್ನು ಮೂರು ಸ್ತರಗಳಲ್ಲಿ ವಿಂಗಡಿಸಬಹುದು. ಮೊದಲನೆಯದು ಕಡತದ ಸ್ತರ: ಯಾರು, ಯಾವಾಗ, ಯಾವ ಸಮಸ್ಯೆಗಾಗಿ ಬರೆದರು, ಯಾವ ಕಂಪೈಲರಿನ ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದರು, ಯಾರಿಂದ ಯಾವ ನೆರವು ಪಡೆದರು. ಎರಡನೆಯದು ಫಂಕ್ಷನ್‌ನ ಸ್ತರ: ಅದು ಏನನ್ನು ಪಡೆಯುತ್ತದೆ, ಏನನ್ನು ಹಿಂದಿರುಗಿಸುತ್ತದೆ, ಪಡೆಯುವ ಮಾಹಿತಿಯ ಬಗ್ಗೆ ಯಾವ ಪೂರ್ವನಿಬಂಧನೆ ಇದೆ. ಮೂರನೆಯದು ಸಾಲಿನ ಸ್ತರ: ನಿರ್ದಿಷ್ಟ ಹೆಜ್ಜೆಯೊಂದನ್ನು ಏಕೆ ಹೀಗೆಯೇ ಇಡಲಾಯಿತು ಎಂಬ ಕಾರಣ.

ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಈ ಮೂರನೆಯ ಸ್ತರವೇ ಹೆಚ್ಚು ದುರುಪಯೋಗಕ್ಕೆ ಒಳಗಾಗುವಂತಹದು. ಎಣಿಕೆಯ ಚರಕ್ಕೆ ಒಂದನ್ನು ಕೂಡಿಸುವ ಸಾಲಿನ ಪಕ್ಕದಲ್ಲಿ 'ಎಣಿಕೆಗೆ ಒಂದನ್ನು ಕೂಡಿಸಲಾಗಿದೆ' ಎಂದು ಬರೆದರೆ ಸಾಲು ಹೇಳಿದ್ದನ್ನೇ ಟಿಪ್ಪಣಿಯು ಮತ್ತೆ ಹೇಳಿದಂತಾಗುತ್ತದೆ. 'ಶೀರ್ಷಿಕೆಯ ಸಾಲನ್ನು ಬಿಟ್ಟು ಮುಂದಿನಿಂದ ಓದಲು' ಎಂದು ಬರೆದರೆ ಮಾತ್ರ ಓದುಗನಿಗೆ ಹೊಸದೊಂದು ತಿಳಿಯುತ್ತದೆ. ಇಂತಿಷ್ಟು ಸಾಲುಗಳಿಗೆ ಇಂತಿಷ್ಟು ಟಿಪ್ಪಣಿಗಳಿರಬೇಕು ಎಂಬ ನಿಯಮವು ಮೊದಲ ಬಗೆಯ ಟಿಪ್ಪಣಿಗಳನ್ನೇ ಬೆಳೆಸುತ್ತದೆ. ಅಮೆರಿಕದ ನಾಲ್ವರು ವಿದ್ವಾಂಸರು 2001ರಲ್ಲಿ ಪ್ರಕಟಿಸಿದ 'ಹೌ ಟು ಡಿಸೈನ್ ಪ್ರೋಗ್ರಾಮ್ಸ್' ಎಂಬ ಪಠ್ಯವು ಈ ದೋಷಕ್ಕೆ ಕ್ರಮದ ಮೂಲಕವೇ ಪರಿಹಾರ ಸೂಚಿಸಿತು: ಉದ್ದೇಶದ ವಾಕ್ಯವನ್ನೂ ಉದಾಹರಣೆಗಳನ್ನೂ ಮೊದಲು ಬರೆಯಬೇಕು, ಅನಂತರ ಫಂಕ್ಷನ್‌ನ ಒಡಲನ್ನು ರಚಿಸಬೇಕು, ಕೊನೆಗೆ ಆ ಉದಾಹರಣೆಗಳಿಂದಲೇ ಪರೀಕ್ಷಿಸಬೇಕು. ಇಲ್ಲಿ ದಾಖಲೀಕರಣವು ಮುಗಿದ ಕೆಲಸದ ವರದಿಯಾಗಿ ಉಳಿಯದೆ ಆಲೋಚನೆಯ ಮೊದಲ ಹಂತವಾಗುತ್ತದೆ.

ಎರಡು ನಿದರ್ಶನಗಳು

ಪದವಿ ತರಗತಿಗಳ ಪ್ರಯೋಗಾಲಯಗಳಲ್ಲಿ ತಪ್ಪದೆ ಕಂಡುಬರುವ ಎರಡು ಅಭ್ಯಾಸಗಳಿಂದ ಈ ಮಾತನ್ನು ಸ್ಪಷ್ಟಪಡಿಸಬಹುದು.

ಮೊದಲನೆಯದು ದ್ವಿಮಾನ ಶೋಧ, ಅಂದರೆ ಬೈನರಿ ಸರ್ಚ್. ಏರಿಕೆಯ ಕ್ರಮದಲ್ಲಿರುವ ಪಟ್ಟಿಯ ನಡುವಿನ ಸಂಖ್ಯೆಯನ್ನು ನೋಡಿ, ಬೇಕಾದ ಸಂಖ್ಯೆ ಅದಕ್ಕಿಂತ ಚಿಕ್ಕದಾದರೆ ಎಡಭಾಗವನ್ನೂ ದೊಡ್ಡದಾದರೆ ಬಲಭಾಗವನ್ನೂ ಹುಡುಕುವ ವಿಧಾನವಿದು. ಇದರ ಪೂರ್ವನಿಬಂಧನೆ ಒಂದೇ: ಪಟ್ಟಿ ಕ್ರಮಬದ್ಧವಾಗಿರಬೇಕು. ಈ ನಿಬಂಧನೆಯನ್ನು ಕ್ರಮವಿಧಿಯ ಯಾವ ಸಾಲೂ ಹೇಳುವುದಿಲ್ಲ. ಕ್ರಮವಿಲ್ಲದ ಪಟ್ಟಿಯನ್ನು ಕೊಟ್ಟರೆ ಕ್ರಮವಿಧಿಯು ದೋಷಸೂಚನೆ ನೀಡದೆ ತಪ್ಪು ಉತ್ತರವನ್ನೇ ಕೊಡಬಹುದು. ಟಿಪ್ಪಣಿಯಲ್ಲಿ ಬರೆಯದೆ ಹೋದರೆ ಆ ನಿಬಂಧನೆ ಎಲ್ಲಿಯೂ ಇರುವುದಿಲ್ಲ. ಸಂಖ್ಯೆ ಸಿಗದಿದ್ದರೆ ಏನನ್ನು ಹಿಂದಿರುಗಿಸಲಾಗುತ್ತದೆ, ಒಂದೇ ಸಂಖ್ಯೆ ಎರಡು ಸಲ ಇದ್ದರೆ ಯಾವುದರ ಸ್ಥಾನ ದೊರೆಯುತ್ತದೆ ಎಂಬುವೂ ಹೀಗೆಯೇ ಬರೆದು ತಿಳಿಸಬೇಕಾದ ಸಂಗತಿಗಳು.

ಇದೇ ಕ್ರಮವಿಧಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಡುವಿನ ಸ್ಥಾನವನ್ನು ಕಂಡುಹಿಡಿಯಲು ಎರಡು ತುದಿಗಳ ಸ್ಥಾನಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ರೂಢಿ. 32 ಬಿಟ್‌ಗಳ ಪೂರ್ಣಾಂಕದ ಗರಿಷ್ಠ ಬೆಲೆ 2,14,74,83,647. ಮೊತ್ತವು ಇದನ್ನು ಮೀರಿದರೆ ಫಲಿತಾಂಶ ಕೆಡುತ್ತದೆ. ಜಾವಾ ಭಾಷೆಯ ಗ್ರಂಥಾಲಯದಲ್ಲಿಯೇ ಈ ದೋಷವು ವರ್ಷಗಟ್ಟಲೆ ಉಳಿದುಬಂದಿತ್ತೆಂಬುದನ್ನು ಜೋಶುವಾ ಬ್ಲಾಕ್ ಅವರು 2006ರಲ್ಲಿ ಬಹಿರಂಗಪಡಿಸಿದರು. ಅಲ್ಲಿ ದೋಷವು ತಲೆದೋರಲು ಪಟ್ಟಿಯಲ್ಲಿ 107 ಕೋಟಿಗೂ ಹೆಚ್ಚು ಅಂಶಗಳಿರಬೇಕು. ಆದರೆ ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ಕಂಪೈಲರಿನಲ್ಲಿ ಸಾಮಾನ್ಯ ಪೂರ್ಣಾಂಕವು 16 ಬಿಟ್‌ಗಳದು. ಅದರ ಗರಿಷ್ಠ ಬೆಲೆ 32,767. ಅಲ್ಲಿ ಸುಮಾರು 16 ಸಾವಿರಕ್ಕಿಂತ ಹೆಚ್ಚು ಅಂಶಗಳ ಪಟ್ಟಿಯೇ ಈ ದೋಷಕ್ಕೆ ಎಡೆಮಾಡಿಕೊಡಬಲ್ಲದು. ಅಕ್ಷರಶಃ ಒಂದೇ ಆದ ಕ್ರಮವಿಧಿ ಎರಡು ಕಂಪೈಲರುಗಳಲ್ಲಿ ಎರಡು ಬೇರೆ ಮಿತಿಗಳಲ್ಲಿ ಮುರಿಯುತ್ತದೆ. ಕಂಪೈಲರಿನ ಹೆಸರನ್ನೂ ಆವೃತ್ತಿಯನ್ನೂ ನಮೂದಿಸಬೇಕೆಂಬ ನಿಯಮವು ಬರಿಯ ಔಪಚಾರಿಕತೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡನೆಯ ನಿದರ್ಶನವು ಕನ್ನಡಕ್ಕೇ ಸಂಬಂಧಿಸಿದ್ದು. ಕೊಟ್ಟ ಪದವು ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುತ್ತದೆಯೇ ಎಂಬುದನ್ನು ಪರೀಕ್ಷಿಸುವ ಅಭ್ಯಾಸವು ಎಲ್ಲೆಡೆ ಪ್ರಚಲಿತವಾಗಿದೆ. ಕನ್ನಡಿಗರಿಗೆ ಇದರ ಚಿರಪರಿಚಿತ ಉದಾಹರಣೆ 'ವಿಕಟಕವಿ'. ವಿ, ಕ, ಟ, ಕ, ವಿ ಎಂಬ ಐದು ಅಕ್ಷರಗಳು ಎರಡೂ ಕಡೆಯಿಂದ ಸಮ. ಆದರೆ ಯೂನಿಕೋಡ್ ಪದ್ಧತಿಯಲ್ಲಿ 'ವಿ' ಎಂಬುದು ವ್ಯಂಜನ ಮತ್ತು ಸ್ವರಚಿಹ್ನೆ ಎಂಬ ಎರಡು ಸಂಕೇತಗಳ ಜೋಡಿ. ಆದುದರಿಂದ ಈ ಪದದಲ್ಲಿರುವುದು ಏಳು ಸಂಕೇತಗಳು. ಯುಟಿಎಫ್-8 ರೂಪದಲ್ಲಿ 21 ಬೈಟುಗಳು. ಪೈಥಾನ್ 3ರಲ್ಲಿ ಪದದ ಉದ್ದವನ್ನು ಕೇಳಿದರೆ 7 ಎಂಬ ಉತ್ತರ ಬರುತ್ತದೆ. ಸಿ ಭಾಷೆಯ ಉದ್ದದ ಫಂಕ್ಷನ್ ಬೈಟುಗಳನ್ನೆಣಿಸಿ 21 ಎನ್ನುತ್ತದೆ. ಮೊದಲ ಸಂಕೇತ ವ್ಯಂಜನ, ಕೊನೆಯದು ಸ್ವರಚಿಹ್ನೆ. ಇವೆರಡೂ ಸಮವಲ್ಲವಾದ್ದರಿಂದ ಪಠ್ಯಪುಸ್ತಕದ ಕ್ರಮವಿಧಿಯು ವಿಕಟಕವಿಯನ್ನು ತಿರಸ್ಕರಿಸುತ್ತದೆ. ಕ್ರಮವಿಧಿ ತಾನು ಹೇಳಿದಂತೆಯೇ ನಡೆದಿದೆ. ದೋಷವಿರುವುದು 'ಅಕ್ಷರ' ಎಂದರೇನು ಎಂಬುದನ್ನು ಯಾರೂ ನಿರೂಪಿಸದಿರುವುದರಲ್ಲಿ. 'ಇಲ್ಲಿ ಅಕ್ಷರವೆಂದರೆ ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ. ಕನ್ನಡ ಪದಗಳಿಗೆ ಇದು ಅನ್ವಯಿಸದು' ಎಂಬ ಒಂದು ವಾಕ್ಯವನ್ನು ಫಂಕ್ಷನ್‌ನ ಮೇಲೆ ಬರೆದ ವಿದ್ಯಾರ್ಥಿಯು ಸಮಸ್ಯೆಯನ್ನು ಬಿಡಿಸದಿದ್ದರೂ ಅದನ್ನು ಅರಿತಿದ್ದಾನೆ. ಆ ಅರಿವಿಗೆ ಅಂಕ ಸಲ್ಲಬೇಕು.

ಸಲ್ಲಿಕೆಯ ನಿಯಮಗಳು

ದಾಖಲೀಕರಣವು ಅರ್ಥಕ್ಕೆ ಸಂಬಂಧಿಸಿದ್ದಾದರೆ ಸಲ್ಲಿಕೆಯ ನಿಯಮಗಳು ವ್ಯವಹಾರಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಮೊದಲನೆಯದು ಕಡತದ ಹೆಸರು. ಅರವತ್ತು ಜನರ ತರಗತಿಯಲ್ಲಿ ಅರವತ್ತು ಕಡತಗಳಿಗೂ 'ಪ್ರೋಗ್ರಾಮ್ 1' ಎಂಬ ಹೆಸರೇ ಇದ್ದರೆ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯು ವಲಯ, ಕಾಲೇಜು, ಪ್ರವೇಶದ ವರ್ಷ, ವಿಭಾಗ ಮತ್ತು ಕ್ರಮಾಂಕಗಳನ್ನೊಳಗೊಂಡ ಹತ್ತು ಚಿಹ್ನೆಗಳ ಸರಣಿ. ಕಡತದ ಹೆಸರು ಇದರಿಂದಲೇ ಆರಂಭವಾದರೆ ವರ್ಗೀಕರಣ ತಾನಾಗಿಯೇ ಆಗುತ್ತದೆ. ಜಾವಾ ಭಾಷೆಯಲ್ಲಿ ಸಾರ್ವಜನಿಕ ವರ್ಗದ ಹೆಸರೇ ಕಡತದ ಹೆಸರಾಗಿರಬೇಕಾದ ಕಾರಣ ಅಲ್ಲಿ ನೋಂದಣಿ ಸಂಖ್ಯೆಯನ್ನು ಕಡತಕ್ಕಲ್ಲದೆ ಅದನ್ನಿಟ್ಟ ಕಡತಕೋಶಕ್ಕೆ ಕೊಡಬೇಕಾಗುತ್ತದೆ. ನಿಯಮ ಮಾಡುವವರು ಭಾಷೆಯ ಸ್ವಭಾವವನ್ನು ಅರಿತಿರಬೇಕೆಂಬುದಕ್ಕೆ ಇದೊಂದು ಚಿಕ್ಕ ದೃಷ್ಟಾಂತ.

ಎರಡನೆಯದು ಪುನರಾವರ್ತನೀಯತೆ: ಬರೆದವರ ಯಂತ್ರದಲ್ಲಿ ನಡೆದದ್ದು ಪರೀಕ್ಷಕರ ಯಂತ್ರದಲ್ಲಿಯೂ ನಡೆಯಬೇಕು. ಟರ್ಬೊ ಸಿ ಪರಿಸರದಲ್ಲಿ ಕಲಿತವರು ಪರದೆಯನ್ನು ಒರೆಸುವ, ಒಂದು ಕೀಲಿಗಾಗಿ ಕಾಯುವ ವಿಶೇಷ ಫಂಕ್ಷನ್‌ಗಳನ್ನು ಪ್ರತಿ ಕ್ರಮವಿಧಿಯಲ್ಲಿಯೂ ಬಳಸುತ್ತಿದ್ದರು. ಅವು ಸಿ ಭಾಷೆಯ ಮಾನಕಕ್ಕೆ ಸೇರಿದವಲ್ಲ; ಲಿನಕ್ಸ್‌ನ ಜಿಸಿಸಿ ಕಂಪೈಲರ್ ಅವುಗಳನ್ನು ಗುರುತಿಸುವುದಿಲ್ಲ. ಪೈಥಾನ್‌ನಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಎರಡನೆಯ ಆವೃತ್ತಿಯಲ್ಲಿ 3, ಮೂರನೆಯ ಆವೃತ್ತಿಯಲ್ಲಿ 3.5 ದೊರೆಯುತ್ತದೆ. ಎರಡನೆಯ ಆವೃತ್ತಿಯ ನಿರ್ವಹಣೆ 2020ರ ಜನವರಿ 1ಕ್ಕೆ ಮುಕ್ತಾಯಗೊಂಡಿತು. ಆದರೆ ಅದಕ್ಕೂ ಹಿಂದಿನ ಬರವಣಿಗೆಗಳು ಗ್ರಂಥಾಲಯಗಳಲ್ಲಿಯೂ ಹಳೆಯ ಪಠ್ಯಗಳಲ್ಲಿಯೂ ಉಳಿದಿವೆ. ಆವೃತ್ತಿಯ ನಮೂದಿಲ್ಲದ ಕ್ರಮವಿಧಿಯು ಇಸವಿಯಿಲ್ಲದ ಪತ್ರದಂತೆ.

ಮೂರನೆಯದು ಪರೀಕ್ಷೆಯ ದಾಖಲೆ. ಸರಿಯಾಗಿ ನಡೆದ ಒಂದು ಉದಾಹರಣೆಯ ಫಲಿತಾಂಶವನ್ನು ಅಂಟಿಸುವುದು ಸಾಕಾಗದು. ದ್ವಿಮಾನ ಶೋಧಕ್ಕಾದರೆ ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ಮೊದಲ ಅಂಶ, ಕೊನೆಯ ಅಂಶ, ಪಟ್ಟಿಯಲ್ಲಿಲ್ಲದ ಅಂಶ, ಹೀಗೆ ಅಂಚಿನ ಸಂದರ್ಭಗಳನ್ನು ಪಟ್ಟಿಮಾಡಿ, ನಿರೀಕ್ಷಿತ ಉತ್ತರವನ್ನೂ ದೊರೆತ ಉತ್ತರವನ್ನೂ ಪಕ್ಕಪಕ್ಕದಲ್ಲಿ ತೋರಿಸಬೇಕು. ಎರಡೂ ಹೊಂದದಿದ್ದಲ್ಲಿ ಅದನ್ನು ಮರೆಮಾಡದೆ ಬರೆಯುವ ವಿದ್ಯಾರ್ಥಿಗೆ ದಂಡನೆಯಾಗಬಾರದು.

ಕರ್ನಾಟಕದ ಪ್ರಯೋಗಾಲಯ ದಾಖಲೆ

ಕರ್ನಾಟಕದ ಕಾಲೇಜುಗಳಲ್ಲಿ ದಾಖಲೀಕರಣವೆಂದರೆ ಮೊದಲಿಗೆ ನೆನಪಾಗುವುದು 'ಲ್ಯಾಬ್ ರೆಕಾರ್ಡ್'. ಭೌತ ಮತ್ತು ರಸಾಯನ ವಿಜ್ಞಾನಗಳ ಪ್ರಯೋಗಾಲಯಗಳಿಂದ ಬಂದ ಈ ಪುಸ್ತಕವು ತನ್ನ ರೂಪವನ್ನೂ ಅಲ್ಲಿಂದಲೇ ತಂದಿತು: ಆರಂಭದಲ್ಲಿ ದೃಢೀಕರಣ ಪತ್ರ, ಅನಂತರ ಪರಿವಿಡಿ, ಉದ್ದೇಶ, ವಿಧಾನ, ಫಲಿತಾಂಶ. ಉಪಕರಣದ ಚಿತ್ರವಿದ್ದ ಜಾಗದಲ್ಲಿ ಪ್ರವಾಹನಕ್ಷೆ, ಅಂದರೆ ಫ್ಲೋಚಾರ್ಟ್ ಬಂದಿತು. ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಅವರು 1947ರಲ್ಲಿ ಕ್ರಮವಿಧಿಯನ್ನು ಯೋಜಿಸುವ ಸಾಧನವಾಗಿ ಇಂತಹ ನಕ್ಷೆಗಳನ್ನು ಬಳಸಿದ್ದರು. ಅಂದರೆ ಅವು ಬರೆಯುವುದಕ್ಕಿಂತ ಮೊದಲು ಬೇಕಾದವು. ಕ್ರಮವಿಧಿ ಮುಗಿದ ಮೇಲೆ ದಾಖಲೆಗಾಗಿ ಬಿಡಿಸಿದ ನಕ್ಷೆಯು ಆ ಉದ್ದೇಶವನ್ನು ಕಳೆದುಕೊಳ್ಳುತ್ತದೆ. ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿವರವಾದ ಪ್ರವಾಹನಕ್ಷೆಗಳಿಂದ ಗಣನೀಯ ಪ್ರಯೋಜನ ಕಂಡುಬರಲಿಲ್ಲ. 1989ರಲ್ಲಿ ಡೇವಿಡ್ ಸ್ಕ್ಯಾನ್ಲನ್ ಅವರು ನಡೆಸಿದ ಹೋಲಿಕೆಯಲ್ಲಿ ಸುರಚಿತ ನಕ್ಷೆಗಳು ಮಿಥ್ಯಾಸಂಕೇತಕ್ಕಿಂತ ಸುಲಭಗ್ರಾಹ್ಯವೆಂದು ಕಂಡುಬಂದವು. ಆದುದರಿಂದ ನಕ್ಷೆ ಬೇಕೋ ಬೇಡವೋ ಎಂಬುದಕ್ಕಿಂತ ಅದು ಯಾವ ಹಂತದಲ್ಲಿ, ಯಾರಿಗಾಗಿ ಎಂಬುದೇ ಸರಿಯಾದ ಪ್ರಶ್ನೆ.

1998ರಲ್ಲಿ ಸ್ಥಾಪಿತವಾಗಿ ಬೆಳಗಾವಿಯಲ್ಲಿ ಕೇಂದ್ರವನ್ನುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಒಂದೇ ಭಾಗವುಳ್ಳ ಗಣಕ ಪ್ರಯೋಗಾಲಯ ಪರೀಕ್ಷೆಯ 100 ಅಂಕಗಳನ್ನು ವಿಧಾನದ ಬರವಣಿಗೆಗೆ 15, ಕ್ರಮವಿಧಿಯನ್ನು ನಡೆಸಿ ತೋರಿಸುವುದಕ್ಕೆ 70, ಮೌಖಿಕ ಪರೀಕ್ಷೆಗೆ 15 ಎಂದು ಹಂಚಲಾಗಿತ್ತು. ಪ್ರಶ್ನೆಯನ್ನು ಬದಲಾಯಿಸಿಕೊಂಡವರಿಗೆ ವಿಧಾನದ ಅಂಕಗಳು ಸೊನ್ನೆಯಾಗುತ್ತಿದ್ದವು. ಈ ಹಂಚಿಕೆಯಲ್ಲಿ ಕ್ರಮವಿಧಿಯು ನಡೆಯುವುದಕ್ಕೆ ದೊರೆತ ತೂಕವು ಅದನ್ನು ವಿವರಿಸುವುದಕ್ಕೆ ದೊರೆತ ತೂಕಕ್ಕಿಂತ ಬಹಳ ಹೆಚ್ಚು. ಪರೀಕ್ಷೆಯ ಪ್ರಶ್ನೆಗಳು ಮೊದಲೇ ಗೊತ್ತಿರುವ ಪಟ್ಟಿಯಿಂದ ಬರುವಾಗ ಕ್ರಮವಿಧಿಯನ್ನು ಬಾಯಿಪಾಠ ಮಾಡಿ ನಡೆಸಿ ತೋರಿಸುವುದು ಸಾಧ್ಯ. ಹಿಂದಿನ ವರ್ಷದವರ ಪುಸ್ತಕವನ್ನು ನೋಡಿ ಟಿಪ್ಪಣಿಸಹಿತ ನಕಲು ಮಾಡುವುದೂ ಸಾಧ್ಯ. ರೆಕಾರ್ಡ್ ಪುಸ್ತಕದ ಅಂದಕ್ಕೆ ಅಂಕ ಕೊಟ್ಟಾಗ ಅಕ್ಷರದ ದುಂಡು ಹೆಚ್ಚುತ್ತದೆಯೇ ಹೊರತು ತಿಳಿವಳಿಕೆಯಲ್ಲ.

ಟಿಪ್ಪಣಿಯ ಭಾಷೆ

ದಾಖಲೀಕರಣವು ತಿಳಿವಳಿಕೆಯ ಸಾಕ್ಷ್ಯವೆಂದಾದರೆ ಅದು ಯಾವ ಭಾಷೆಯಲ್ಲಿರಬೇಕು ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದ ವಿದ್ಯಾರ್ಥಿಯು ದ್ವಿಮಾನ ಶೋಧದ ಪೂರ್ವನಿಬಂಧನೆಯನ್ನು ಸರಿಯಾಗಿ ಗ್ರಹಿಸಿದ್ದರೂ ಅದನ್ನು ಇಂಗ್ಲಿಷ್ ವಾಕ್ಯವಾಗಿಸುವಲ್ಲಿ ತಡವರಿಸಬಹುದು. ಆಗ ಆತ ಬೇರೊಬ್ಬರ ವಾಕ್ಯವನ್ನು ಎತ್ತಿಕೊಳ್ಳುತ್ತಾನೆ. ತಿಳಿದವನೂ ತಿಳಿಯದವನೂ ಒಂದೇ ವಾಕ್ಯವನ್ನು ಬರೆಯುವಂತಾಗುತ್ತದೆ. ಪೆಪ್ 8 ನಿಯಮಾವಳಿಯು ಇಂಗ್ಲಿಷೇತರ ದೇಶಗಳವರಿಗೆ ಇಂಗ್ಲಿಷ್ ಟಿಪ್ಪಣಿಗಳನ್ನೇ ಸೂಚಿಸುತ್ತದೆ. ಆದರೆ ತಮ್ಮ ಭಾಷೆ ಬಾರದವರು ಆ ಕ್ರಮವಿಧಿಯನ್ನು ಎಂದೂ ಓದುವುದಿಲ್ಲವೆಂಬ ಪೂರ್ಣ ಖಾತರಿ ಇದ್ದಲ್ಲಿ ವಿನಾಯಿತಿಯನ್ನೂ ಕೊಡುತ್ತದೆ. ಜಗತ್ತಿನೆಲ್ಲೆಡೆ ಹಂಚಿಕೆಯಾಗುವ ತಂತ್ರಾಂಶಕ್ಕೆ ಆ ನಿಯಮ ಯುಕ್ತ. ಕನ್ನಡ ಬಲ್ಲ ಅಧ್ಯಾಪಕರೇ ಓದುವ ಮೊದಲ ವರ್ಷದ ಅಭ್ಯಾಸವು ಆ ವಿನಾಯಿತಿಗೆ ಒಳಪಡುವಂತಹದು.

ತಾಂತ್ರಿಕವಾಗಿ ಇದಕ್ಕೆ ಅಡ್ಡಿಯಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಆಧುನಿಕ ಕಂಪೈಲರುಗಳು ಟಿಪ್ಪಣಿಯಲ್ಲಿನ ಯುಟಿಎಫ್-8 ಬರಹವನ್ನು ತೊಂದರೆಯಿಲ್ಲದೆ ದಾಟಿಹೋಗುತ್ತವೆ. 2008ರಲ್ಲಿ ಹೊರಬಂದ ಪೈಥಾನ್ 3 ಚರಗಳಿಗೂ ಕನ್ನಡದ ಹೆಸರುಗಳನ್ನಿಡಲು ಅವಕಾಶ ಕಲ್ಪಿಸಿದೆ. ಆದರೆ ಎರಡು ಎಚ್ಚರಿಕೆಗಳನ್ನು ನಿಯಮದಲ್ಲಿಯೇ ಸೇರಿಸಬೇಕಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಯು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತದೆ. ಆದ್ದರಿಂದ ಯೂನಿಕೋಡ್ ಕಡ್ಡಾಯವಾಗಬೇಕು. ಅರ್ಧಾಕ್ಷರಗಳು ಕೂಡಿಕೊಳ್ಳದಂತೆ ತಡೆಯಲು ಕನ್ನಡದಲ್ಲಿ ಬಳಸುವ ಅದೃಶ್ಯ ಸಂಕೇತಕ್ಕೆ ಪೈಥಾನ್‌ನ ಹೆಸರುಗಳಲ್ಲಿ ಅವಕಾಶವಿಲ್ಲ; ಆದ್ದರಿಂದ ಚರಗಳ ಹೆಸರು ಇಂಗ್ಲಿಷ್ ಲಿಪಿಯಲ್ಲಿಯೂ ವಿವರಣೆ ಕನ್ನಡದಲ್ಲಿಯೂ ಇರುವುದು ಸದ್ಯಕ್ಕೆ ಸುರಕ್ಷಿತ ಕ್ರಮ.

ಸ್ವಂತಿಕೆಯ ಪ್ರಶ್ನೆ

ಅಲೆಕ್ಸ್ ಐಕನ್ ಅವರು 1994ರಲ್ಲಿ ರೂಪಿಸಿದ 'ಮಾಸ್' ಎಂಬ ವ್ಯವಸ್ಥೆಯು ಕ್ರಮವಿಧಿಗಳ ನಡುವಣ ಹೋಲಿಕೆಯನ್ನು ಪತ್ತೆಹಚ್ಚುತ್ತದೆ. ಚರಗಳ ಹೆಸರು ಬದಲಾಯಿಸಿದ ಮಾತ್ರಕ್ಕೆ ಅದನ್ನು ವಂಚಿಸಲಾಗದು. ಆದರೆ ಅದು ತೋರಿಸುವುದು ಹೋಲಿಕೆಯನ್ನು ಮಾತ್ರ. ಅದು ನಕಲೇ ಎಂಬ ತೀರ್ಮಾನವನ್ನು ಮನುಷ್ಯರೇ ಮಾಡಬೇಕು. 2021ರಲ್ಲಿ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸನ್ನಿವೇಶ ಮತ್ತಷ್ಟು ಬದಲಾಗಿದೆ. ಇಂತಹ ಸಾಧನಗಳು ಕ್ರಮವಿಧಿಯ ಜೊತೆಗೆ ಅಚ್ಚುಕಟ್ಟಾದ ಟಿಪ್ಪಣಿಗಳನ್ನೂ ಕ್ಷಣಾರ್ಧದಲ್ಲಿ ಒದಗಿಸುತ್ತವೆ. ಹೀಗಾಗಿ ಬರೆದ ಟಿಪ್ಪಣಿಯೊಂದೇ ತಿಳಿವಳಿಕೆಗೆ ಸಾಕ್ಷ್ಯವೆಂಬ ಹಳೆಯ ನಂಬಿಕೆ ಸಡಿಲಗೊಂಡಿದೆ.

ಈ ಪರಿಸ್ಥಿತಿಯಲ್ಲಿ ಎರಡು ಬಗೆಯ ಸಾಕ್ಷ್ಯಗಳಿಗೆ ಬೆಲೆ ಹೆಚ್ಚುತ್ತದೆ. ಒಂದು, ಬೆಳವಣಿಗೆಯ ದಾಖಲೆ. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್‌ನಂತಹ ಸಾಧನಗಳಿಂದ ಕ್ರಮವಿಧಿಯು ಹಂತಹಂತವಾಗಿ ಹೇಗೆ ತಿದ್ದಿಕೊಂಡು ಬಂದಿತೆಂಬುದನ್ನು ಕಾಣಬಹುದು. ತಪ್ಪುಗಳೂ ಅದರಲ್ಲಿ ಉಳಿಯುತ್ತವೆ. ಇನ್ನೊಂದು, ಮೌಖಿಕ ಪರೀಕ್ಷೆ. 'ಪಟ್ಟಿ ಇಳಿಕೆಯ ಕ್ರಮದಲ್ಲಿದ್ದರೆ ಯಾವ ಸಾಲನ್ನು ಬದಲಿಸಬೇಕು?' ಎಂಬ ಒಂದೇ ಪ್ರಶ್ನೆಯು ಹತ್ತು ಪುಟಗಳ ರೆಕಾರ್ಡ್ ಹೇಳದ್ದನ್ನು ಹೇಳಿಬಿಡುತ್ತದೆ. ನಮ್ಮ ಪ್ರಯೋಗಾಲಯ ಪರೀಕ್ಷೆಗಳಲ್ಲಿ ಮೌಖಿಕ ಭಾಗವು ಮೊದಲಿನಿಂದಲೂ ಇದೆ. ಅದಕ್ಕೆ ಬೇಕಾದ ಸಮಯವೂ ತೂಕವೂ ಭಾಷಾಸ್ವಾತಂತ್ರ್ಯವೂ ದೊರೆಯಬೇಕಾಗಿದೆ. ಯಂತ್ರದ ನೆರವನ್ನು ಪಡೆದಿದ್ದರೆ ಯಾವ ಭಾಗಕ್ಕೆ ಪಡೆಯಲಾಯಿತೆಂಬ ನಮೂದನ್ನು ಕಡತದ ತಲೆಬರಹದಲ್ಲಿ ಸೇರಿಸುವುದು ಇದಕ್ಕೆ ಪೂರಕ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಟಿಪ್ಪಣಿಗಳ ಸಂಖ್ಯೆಯನ್ನಲ್ಲದೆ ಅವು ತಿಳಿಸುವ ಕಾರಣಗಳನ್ನೂ ನಿಬಂಧನೆಗಳನ್ನೂ ಅಳೆಯಬೇಕು. ಉದ್ದೇಶ ಮತ್ತು ಉದಾಹರಣೆಗಳನ್ನು ಕ್ರಮವಿಧಿಗಿಂತ ಮೊದಲು ಬರೆಯಿಸಬೇಕು. ಕಂಪೈಲರಿನ ಆವೃತ್ತಿ, ಅಂಚಿನ ಸಂದರ್ಭಗಳ ಪರೀಕ್ಷೆ, ಪಡೆದ ನೆರವು ಇವುಗಳ ನಮೂದು ಕಡ್ಡಾಯವಾಗಬೇಕು. ವಿವರಣೆಗೆ ಕನ್ನಡವನ್ನು ಬಳಸುವ ಅವಕಾಶವಿರಬೇಕು. ಬರೆದದ್ದನ್ನು ಬಾಯಿಮಾತಿನಲ್ಲಿ ಸಮರ್ಥಿಸಿಕೊಳ್ಳುವ ಸಂದರ್ಭವನ್ನು ಪ್ರತಿ ವಿದ್ಯಾರ್ಥಿಗೂ ಒದಗಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರೋಪಕರಣದ ಅಗತ್ಯವಿಲ್ಲ. ಅಧ್ಯಾಪಕರು ವಿದ್ಯಾರ್ಥಿಯ ಕ್ರಮವಿಧಿಯನ್ನು ಓದುವುದಕ್ಕೆ ಬೇಕಾದ ಸಮಯವೊಂದೇ ಸಾಕು. ಓದುವವರಿಲ್ಲವೆಂದು ತಿಳಿದ ವಿದ್ಯಾರ್ಥಿಯು ಯಾರಿಗಾಗಿಯೂ ಬರೆಯುವುದಿಲ್ಲ. ದಾಖಲೀಕರಣದ ಮಾನದಂಡಗಳು ಫಲಕೊಡುವುದು ಸಲ್ಲಿಸಿದ್ದನ್ನು ಓದಲಾಗುತ್ತದೆಂಬ ಭರವಸೆ ಇದ್ದಾಗ ಮಾತ್ರ.